ಒಂದು ಮಗ್ಗಲು ಖಾಲಿ

ಕಾಗದ ಕಡಿಮೆ ಮಾಡಿರೆಂದು ಒಂದು ಕಾಗದ ಬಂತು.
ಇನ್ವರ್ಡ್ ಬುಕ್ಕಿನಲ್ಲಿ ನಂಬರು ಕೊಟ್ಟು, ಸೀಲು ಒತ್ತಿ,
ಹೊಸ ಕಡತ ತೆರೆದು ಅದನ್ನೇ ಮೊದಲ ಹಾಳೆಯಾಗಿ ಹೊಲಿದೆ.
ಮುನವ್ವರ್ ಪಾಷಾ ಸಾಹೇಬರು ಕನ್ನಡಕ ಏರಿಸಿ ನೋಡಿ
ನಗದೆ ಸಹಿ ಹಾಕಿದರು.

ಮೇ ತಿಂಗಳು. ರಾಯಚೂರಿನ ಬಿಸಿಲಿಗೆ
ರೆಕಾರ್ಡ್ ರೂಮಿನ ತಗಡು ಬಾಗಿಲು ಮುಟ್ಟುವ ಹಾಗಿಲ್ಲ.
ಹುಲಿಗೆಮ್ಮ ಗಂಟು ಬಿಚ್ಚುತ್ತಾಳೆ, ನಾನು ಓದಿ ಕೂಗುತ್ತೇನೆ:
ಎ ಅಂದರೆ ಕಾಯಂ, ಕೈ ಹಚ್ಚಬೇಡ.
ಬಿ ನಮಗಿಂತ ಹೆಚ್ಚು ಬಾಳುತ್ತದೆ, ಮೇಲಿಡು.
ಸಿ, ಡಿ, ಅವಧಿ ಮುಗಿದವು,
ಆ ಮೂಲೆಗೆ ಒಗಿ.
ಟೇಪಿನ ಕೆಂಪು ಬೆರಳಿಗೆ ಹತ್ತಿ
ಮಧ್ಯಾಹ್ನದ ರೊಟ್ಟಿಗೂ ಹತ್ತುತ್ತದೆ.

ಒಗೆಯುವ ರಾಶಿಯಿಂದ ಒಂದು ಹಾಳೆ
ಮಡಚಿ ಟಿಫಿನ್ ಚೀಲಕ್ಕೆ ಹಾಕಿಕೊಂಡೆ. ಕಳವೇ ಅನ್ನಿ.
ಒಂದು ಮಗ್ಗಲು ಖಾಲಿ ಇತ್ತು,
ನನಗೆ ಅಷ್ಟು ಜಾಗ ಬೇಕಿತ್ತು.

ತಾಯಣ್ಣನಿಗೆ ಗಂಜ್ ರೋಡಿನಲ್ಲಿ ಮೋಟರ್ ರಿವೈಂಡಿಂಗ್.
ಸುಟ್ಟ ಮೋಟರಿನ ಹೊಟ್ಟೆಯಿಂದ ಕರಿ ತಂತಿ ಕಿತ್ತು
ಹೊಸ ತಾಮ್ರ ಸುತ್ತುವವನು,
ತೂಕಡಿಸಿದರೂ ಸುತ್ತಿನ ಎಣಿಕೆ ತಪ್ಪದವನು,
ನಾಳೆಯ ಮಾತೆತ್ತಿದರೆ ಮಾತ್ರ ಎಣಿಕೆ ಮರೆಯುವವನು.
'ಈಗ್ಯಾಕ ಮುದುಕರ ಲೆಕ್ಕ? ಇನ್ನಾ ಟೈಮ್ ಐತಿ.'

ಊಟದ ತಟ್ಟೆ ಸರಿಸಿ ಬರೆದೆ.
ನನಗೆ ನಲವತ್ನಾಲ್ಕು, ನಿನಗೆ ನಲವತ್ತೇಳು.
ನಾನು ಎನ್‌ಪಿಎಸ್‌ನಾಕಿ, ಕೈಗೆ ಎಷ್ಟು ಬರುತ್ತದೋ
ಶೇರು ಬಜಾರವನ್ನೇ ಕೇಳಬೇಕು.
ನಿನಗೆ ಅದೂ ಇಲ್ಲ.
ಮನೆ ಖರ್ಚು ಇವತ್ತು ಇಪ್ಪತ್ತೆರಡು ಸಾವಿರ.
ಇದೇ ಅಕ್ಕಿ, ಇದೇ ಗ್ಯಾಸು, ಇದೇ ಬಿಪಿ ಗುಳಿಗೆ
ನನಗೆ ಅರವತ್ತು ತುಂಬುವ ಹೊತ್ತಿಗೆ ಐವತ್ತಾರು.
ಮಗಳ ನರ್ಸಿಂಗ್ ಫೀಸು ಇನ್ನು ಎರಡು ವರ್ಷ.
ಚೀಟಿ ಮುಂದಿನ ಶ್ರಾವಣಕ್ಕೆ ಎತ್ತುವುದು,
ಎತ್ತಿದ್ದನ್ನು ಈ ಸಲ ಬಂಗಾರ ಮಾಡಬಾರದು.
(ಈ ಸಾಲಿನ ಕೆಳಗೆ ಎರಡು ಗೆರೆ ಎಳೆದೆ. ನನಗೇ.)

ಅವನು ಕೇಳುತ್ತಿರಲಿಲ್ಲ.
ಹಾಳೆಯನ್ನು ಬಲ್ಬಿಗೆ ಹಿಡಿದು
ಹಿಂದಿನ ಮಗ್ಗಲು ಓದುತ್ತಿದ್ದ.
'ಸೂಗಪ್ಪ, ಜವಾನ. ಮಗಳ ಬಾಣಂತನ.
ಮೂರು ದಿವಸದ ರಜೆ ದಯಪಾಲಿಸಬೇಕಾಗಿ ವಿನಂತಿ.
ಎಂಬತ್ತೊಂಬತ್ತನೇ ಇಸವಿ.
ಕೊಟ್ರೇನು ಅವಗ?'

ಸಾಹೇಬರು ಷರಾ ಬರೆಯುವ ಅಂಚನ್ನು
ಗೆದ್ದಲು ತಿಂದಿತ್ತು.
'ಗೊತ್ತಿಲ್ಲ' ಅಂದೆ.
ಆ ಕೂಸಿಗೆ ಈಗ ನಮ್ಮ ಹತ್ತಿರ ಹತ್ತಿರದ ವಯಸ್ಸು.

ಸುಮಾರು ಹೊತ್ತು ಸುಮ್ಮನಿದ್ದ.
ಆಮೇಲೆ, ಫ್ಯಾನಿಗೆ ಹೇಳುವ ಹಾಗೆ:
'ಸೂಗಪ್ಪಗ ಬರಕೊಳ್ಳಾಕ ಒಬ್ಬ ಸಾಹೇಬಾದ್ರೂ ಇದ್ದ.
ನಾ ಯಾರಿಗೆ ಬರೀಲಿ?
ಕೈ ನಡುಗೋ ದಿನ ಬಂದ್ರ
ಇನ್ನ ಸಾಕು ಅಂತ ಯಾರ ಮುಂದ ಅರ್ಜಿ ಹಿಡಿಲಿ?'

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ
ಅವನ ಭಯದ ಒಂದು ತುದಿ ಅಂದು ಕೈಗೆ ಸಿಕ್ಕಿತು,
ಸುಟ್ಟ ಮೋಟರಿನಲ್ಲಿ ಅವನಿಗೆ ತಂತಿಯ ತುದಿ ಸಿಗುವ ಹಾಗೆ.
ಎಳೆಯಲಿಲ್ಲ. ಪೆನ್ನು ಕೊಟ್ಟೆ.
'ನನಗ ಬರಿ. ಇನ್ವರ್ಡ್ ನಾ ಮಾಡ್ತೀನಿ.'

ಐವತ್ತಾರು ಸಾವಿರದ ಕೆಳಗೆ ಉಳಿದ ಜಾಗದಲ್ಲಿ
ಗ್ರೀಸು ಮೆತ್ತಿದ ಹೆಬ್ಬೆರಳು ಒತ್ತಿ ಬರೆದ:
ಅರವತ್ತಮೂರಕ್ಕೆ ರಜೆ ಬೇಕು. ಕಾಯಂ.
ಕಾರಣ: ಕಣ್ಣು.
ಮತ್ತೆ ಕಣ್ಣು ಹೊಡೆದು ಹಾಕಿ, ಹಂಗೇ.

ಅಂಚಿನಲ್ಲಿ ನಾನು ಷರಾ ಬರೆದೆ:
ತಿಂಗಳಿಗೆ ಮೂರು ಸಾವಿರ,
ಐದನೇ ತಾರೀಖಿನೊಳಗೆ,
ಅಂಗಡಿಗೆ ಹೊಸ ಮಷೀನು ಅನ್ನುವ ನೆಪ ಹೇಳದೆ
ಕಟ್ಟುವ ಷರತ್ತಿಗೆ ಒಳಪಟ್ಟು, ಮಂಜೂರು.

ಟ್ರಂಕಿನ ತಳದಲ್ಲಿ, ಮನೆಪಟ್ಟಿ ರಸೀದಿಗಿಂತ ಕೆಳಗೆ ಇಟ್ಟೆ.
ಮೂಲೆಯಲ್ಲಿ ಸಣ್ಣಗೆ: ಎ.

ಮರುದಿನ ಗುಜರಿಯವನು ಬಂದು
ತಕ್ಕಡಿ ಹೂಡಿ, ನೂರಾ ಹನ್ನೆರಡು ಕೆಜಿ ಅಂದ.
ಹುಲಿಗೆಮ್ಮ ಬರೆದುಕೊಂಡಳು.
ತೂಕ ಸರಿ ಇದೆ ಅಂತ
ಸಹಿ ಮಾಡಿದವಳು ನಾನೇ.