ಕೈದಿ ಮೂರು

ನೆಮುನಸ್ ನದಿಯ ಮಗ್ಗುಲಿನ ಈ ಜೈಲು ಮುಚ್ಚಿ ಹನ್ನೆರಡು ವರ್ಷ.
ಈಗ ಸಿನಿಮಾದವರು ಬಂದಿದ್ದಾರೆ,
ಉದುರಿದ ಗೋಡೆಗೆ ಮತ್ತೆ ಉದುರಿದಂಥ ಬಣ್ಣ ಬಳಿಯುತ್ತಿದ್ದಾರೆ.
ನನಗೆ ದಿನಗೂಲಿ. ಮೂರನೆಯ ಕೈದಿಯ ಪಾತ್ರ, ಮಾತಿಲ್ಲ.
ಅಂದು ಇದೇ ಕೋಣೆಗೆ ನಾನೇ ದಿನಗಳನ್ನು ತೆತ್ತಿದ್ದೆ,
ಎರಡು ಸಾವಿರದ ನೂರ ತೊಂಬತ್ತೊಂದು,
ಆರು ಚೀಲ ಸಿಮೆಂಟು ಕದ್ದದ್ದಕ್ಕೆ.
ಚೀಲಕ್ಕೊಂದು ವರ್ಷ, ಮೇಲೊಂದು ಅಧಿಕ ದಿನ.

ನಿರ್ದೇಶಕಿ ಉಗ್ನೆಗೆ ಮೂವತ್ತೂ ತುಂಬಿಲ್ಲ.
ಕಿಟಕಿಯಾಚೆ ಕ್ರೇನಿಗೆ ದೊಡ್ಡ ದೀಪ ಏರಿಸಿ, ಹಳದಿ ಹಾಳೆ ಹೊದಿಸಿ,
ಸರಳಿನ ನೆರಳು ನೆಲದ ಮೇಲೆ ಶಿಲುಬೆಯಾಗುವ ತನಕ
ಗೇಣು ಎಡಕ್ಕೆ, ಬೆರಳಷ್ಟು ಬಲಕ್ಕೆ ಸರಿಸುತ್ತಾಳೆ.
ನಾಯಕ ಅದರೊಳಗೆ ಕಾಲಿಡುವುದೇ ಅವನ ಬಿಡುಗಡೆ, ಅನ್ನುತ್ತಾಳೆ.
ಚೆಂದವೇ ಇದೆ.
ಈ ಕಿಟಕಿ ಉತ್ತರಕ್ಕಿದೆ ತಾಯಿ, ಎಂದೆ,
ಆರು ವರ್ಷದಲ್ಲಿ ಬಿಸಿಲು ಒಮ್ಮೆಯೂ
ಒಳಬಂದು ನಮ್ಮನ್ನು ಮಾತಾಡಿಸಲಿಲ್ಲ.
ನಕ್ಕಳು. ಸಿನಿಮಾಕ್ಕೆ ದಿಕ್ಕಿಲ್ಲ ಅಜ್ಜ, ಎಂದಳು.
ದಿಕ್ಕಿಲ್ಲದವರ ಕತೆ ತಾನೇ, ಇರಲಿ.

“ಆಗ ಭರವಸೆ ಅಂದರೆ ಏನಿತ್ತು ನಿಮಗೆ?”
ಸೂಪಿನ ತಳದ ಬಟಾಣಿ, ಎಂದೆ.
ಬರೆದುಕೊಂಡಳು. ಆಮೇಲೆ ಹೊಡೆದುಹಾಕಿದಳು.

ದೋಮಿನಿಕಸ್‌ನ ವಿಷಯ ಹೇಳಲಿಲ್ಲ.
ಕೆಳಗಿನ ಮಂಚ ಅವನದು. ಅಚ್ಚಿನ ಮೊಳೆ ಜೋಡಿಸುವವ,
ಕದ್ದುಮುಚ್ಚಿ ಪ್ರಾರ್ಥನೆಯ ಪುಸ್ತಕ ಅಚ್ಚು ಹಾಕಿ ಒಳಬಂದವ,
ಒಂದು ಕಿವಿ ಕಿವುಡು.
ದಿನಕ್ಕೊಂದು ತುತ್ತು ಕಪ್ಪು ರೊಟ್ಟಿ ಅಗಿದು, ನುಂಗದೆ,
ಹೆಬ್ಬೆರಳಲ್ಲಿ ಹೊಸೆದು ಮಣಿ ಮಾಡುವನು,
ಕಂಬಳಿಯ ನೂಲಿಗೆ ಪೋಣಿಸುವನು.
ಐವತ್ತೊಂಬತ್ತು ಮಣಿಯ ಜಪಸರ. ಅಂದರೆ ಐವತ್ತೊಂಬತ್ತು ದಿನ
ಒಂದೊಂದು ತುತ್ತು ಕಡಿಮೆ ಉಂಡ ಮನುಷ್ಯ.
ನನಗೆ ದೇವರಿರಲಿಲ್ಲ. ಹಸಿವಿತ್ತು.

ಒಂದು ಫೆಬ್ರವರಿಯ ರಾತ್ರಿ, ನದಿ ಕಲ್ಲಾಗಿದ್ದಾಗ,
ಇಳಿದು ಅವನ ದಿಂಬಿನಡಿ ಕೈ ಹಾಕಿದೆ.
ಹತ್ತು ತಿಂದೆ.
ಹೊಗೆಸೊಪ್ಪು, ಬೆವರು, ಎಳ್ಳಷ್ಟು ಉಪ್ಪು.
ಹನ್ನೊಂದನೆಯದನ್ನು ಬಿಟ್ಟದ್ದು ಒಳ್ಳೆಯತನವಲ್ಲ,
ಹಲ್ಲು ಮುರಿಯಿತು.

ಬೆಳಿಗ್ಗೆ ಅವನ ಬೆರಳು ಖಾಲಿ ದಾರಕ್ಕೆ ಬಂದು ನಿಂತಿತು.
ಕಾವಲಿನವನನ್ನು ಕರೆಯಲಿಲ್ಲ. ಬೈಯಲಿಲ್ಲ.
ಎದ್ದು ನಿಂತು, ನನ್ನ ಅಂಗಿಯೊಳಗೆ ಕೈ ತೂರಿಸಿ
ತಣ್ಣನೆಯ ಬೆರಳಿಂದ ಪಕ್ಕೆಲುಬು ಮುಟ್ಟಿದ.
ಒಂದು. ತುಟಿ ಅಲುಗಿತು. ಎರಡು.
ಆಗ ನನ್ನ ಮೈಯಲ್ಲಿ ಅವನ್ನು ಎಣಿಸುವುದು ಸುಲಭವಿತ್ತು.
ಹತ್ತಾದ ಮೇಲೆ ಮತ್ತೆ ದಾರಕ್ಕೆ ಹೋದ.
ಕಚಗುಳಿಯಾಗಿ ನಕ್ಕೆ,
ಆಮೇಲೆ ಗೋಡೆಗೆ ಮುಖ ಮಾಡಿದೆ.

ದಿನವೂ ಹೀಗೇ. ಒಮ್ಮೆ ಕೇಳಿಯೇಬಿಟ್ಟೆ:
ಕಳ್ಳನ ಎಲುಬಿನ ಮೇಲೆ ಹೇಳಿದ್ದನ್ನು ನಿನ್ನ ದೇವರು ಒಪ್ಪುತ್ತಾನೆಯೇ?
ಕೇಳಿಸುವ ಕಿವಿಯನ್ನು ಇತ್ತ ತಿರುಗಿಸಿ,
“ಅವನ ಮಗ ಸಾಯುವಾಗ ಎರಡೂ ಪಕ್ಕಕ್ಕೆ ಇದ್ದವರು ಯಾರು?” ಎಂದ.
ನನಗೆ ಗೊತ್ತಿರಲಿಲ್ಲ.
ಎಷ್ಟೋ ವರ್ಷಕ್ಕೆ ಮೈದುನನ ಮನೆಯಲ್ಲಿ ಆ ಪುಟ ಓದಿದೆ,
ಓದಿ, ಎದ್ದು ಹೋಗಿ ದನಕ್ಕೆ ಹುಲ್ಲು ಹಾಕಿದೆ.
ಅಷ್ಟರಲ್ಲಿ ಅವನನ್ನು ಪೂರ್ವಕ್ಕೆ ಸಾಗಿಸಿ ಬಹಳ ಕಾಲವಾಗಿತ್ತು.

ಈಗ ಕಲಾವಿಭಾಗದ ಹುಡುಗ
ಮರದ ಮಣಿಗೆ ರೊಟ್ಟಿಯ ಬಣ್ಣ ಬಳಿದ ಜಪಸರ ತಂದಿದ್ದಾನೆ.
ನಾಯಕ ಒಳ್ಳೆಯವನು, ಪಾತ್ರಕ್ಕಾಗಿ ಹದಿನಾಲ್ಕು ಕಿಲೋ ಇಳಿಸಿದವನು.
ಹೇಗೆ ಹಿಡಿಯುತ್ತಿದ್ದರು, ಅಂತ ಕೇಳಿದ.
ಹೀಗೆ, ಎಂದು ತೋರಿಸಹೋದರೆ
ಕೈ ತಾನಾಗಿ ನನ್ನ ಅಂಗಿಯೊಳಗೆ ಹೋಯಿತು.
ಈಗ ಅಲ್ಲಿ ಕೊಬ್ಬು. ಒತ್ತಿ ಹುಡುಕಬೇಕು.
ಮೂರು. ನಾಲ್ಕು.

“ಕೈದಿ ಮೂರು, ಶಿಲುಬೆಯಿಂದ ಈಚೆ ಬನ್ನಿ,
ನಿಮ್ಮ ನೆರಳು ಬೀಳುತ್ತಿದೆ.”

ಬಂದೆ.
ಐದು.