ಎರಡು ಚೆಂಡಿನ ಆಟ

ದುರ್ಗಿಗುಡಿಯ ಶಟರುಗಳೆಲ್ಲ ಬಿದ್ದ ಮೇಲೂ
ಮಹಡಿ ಮೇಲಿನ ಸ್ಟುಡಿಯೋದಲ್ಲಿ ಒಂದು ಟ್ಯೂಬ್‌ಲೈಟು.
ಹನ್ನೊಂದೂವರೆಗೆ, ನಾಲ್ಕನೇ ಸಲ,
ಪರದೆ ಬಿಳಿಚಿಕೊಂಡು ಒಂದು ಡಬ್ಬಿ ಮೂಡಿತು:
ಪ್ರೋಗ್ರಾಮ್ ಎರರ್. ಓಕೆ.
ಓಕೆ ಅನ್ನದೆ ಇರುವುದಕ್ಕೆ ಬೇರೆ ಗುಂಡಿಯೇ ಇಲ್ಲ.

ಫೋಟೋ ತಂದವನು ಷಣ್ಮುಖ, ಮೆಸ್ಕಾಂ ಲೈನ್‌ಮನ್.
ಪ್ಲಾಸ್ಟಿಕ್ ಕವರು ಬಿಡಿಸಿದರೆ ಅಂಗೈಯಷ್ಟೇ ಇತ್ತು.
ಮುಳುಗುವ ಮುಂಚಿನ ಊರು, ವಾಲಿಬಾಲ್ ಕೋರ್ಟು,
ನೆಟ್ಟಿನೆದುರು ನೆಲ ಬಿಟ್ಟು ಹಾರಿದ ಅವನಜ್ಜ ಕನ್ನಪ್ಪ,
ಒಂದು ಕೈ ಆಕಾಶದಲ್ಲಿ.
ಭಾನುವಾರ ಅಜ್ಜನ ಹೆಸರಲ್ಲಿ ಟೂರ್ನಮೆಂಟು, ಆರಡಿ ಫ್ಲೆಕ್ಸು ಬೇಕು.
"ಸ್ವಲ್ಪ ಕ್ಲೀನ್ ಮಾಡಿ ಅಕ್ಕ, ಮುಖ ಕಂಡ್ರೆ ಸಾಕು."

ನನ್ನ ಹತ್ತಿರ ಹದಿನೇಳು ಪ್ಲಗಿನ್ನು.
ಹಾಲೇಶಣ್ಣ ಸಿ.ಡಿ. ಕಾಲದಲ್ಲಿ ತುಂಬಿಟ್ಟದ್ದು ಕೆಲವು,
ಪುಕ್ಕಟೆಯೆಂದು ನಾನೇ ಇಳಿಸಿಕೊಂಡದ್ದು ಉಳಿದವು.
ಒಳಗೆ ಯಾವುದು ಯಾವುದರ ಕಾಲು ತುಳಿಯುತ್ತದೋ.

ಶಿಫ್ಟ್ ಒತ್ತಿ ಹಿಡಿದು ತೆರೆದೆ.
ಒಡವೆ ಬಿಚ್ಚಿಟ್ಟವಳ ಹಾಗೆ
ಬೋಳು ಕತ್ತಿನಲ್ಲಿ ಎದ್ದು ಬಂತು, ಸರಾಗ ನಡೆಯಿತು.
ಅಂದರೆ ಮನೆ ಸರಿಯಿದೆ; ತಕರಾರು ನೆಂಟರದು.
ಅರ್ಧ ಹೊರಗಿಟ್ಟೆ, ಅರ್ಧ ಒಳಗೆ. ತೆರೆದೆ. ಬಿತ್ತು.
ಆ ಅರ್ಧದಲ್ಲಿ ಅರ್ಧ. ಬೀಳಲಿಲ್ಲ.
ಮತ್ತೆ ಒಂದು ಸೇರಿಸಿ, ಕಾದು, ಚಹಾ ಆರಿ,
ಯುಪಿಎಸ್ ಎರಡು ಸಲ ಕೂಗಿ.

ಫೈಲಿನ ಹೆಸರಿನ ಮುಂದೊಂದು ಅಲೆಗೆರೆ ಹಾಕಿದರೆ ಸಾಕು,
ಆ ಪ್ಲಗಿನ್ನು ಇದ್ದೂ ಇಲ್ಲ.
ಷಣ್ಮುಖನ ಊರಿಗೂ
ಹಾಗೇ ಒಂದನ್ನು ಎಳೆದಿದ್ದಾರೆ, ಸ್ವಲ್ಪ ದೊಡ್ಡದು.

ಎರಡು ಗಂಟೆಗೆ ಸಿಕ್ಕಿಬಿದ್ದವು, ಜೋಡಿಯಾಗಿ.
ಒಂದು ಗೀರು ಅಳಿಸುವಂಥದ್ದು, ಒಂದು ಅಂಚು ಹರಿತ ಮಾಡುವಂಥದ್ದು.
ಒಂಟಿಯಾಗಿ ಬಿಟ್ಟರೆ ಹಸುವಿನಂಥವು.
ಬಿಟ್ಟೂ ನೋಡಿದೆ:
ಮೊದಲನೆಯದಕ್ಕೆ ಕಂಡದ್ದೆಲ್ಲ ಗೀರು,
ನೆಟ್ಟಿನ ದಾರವನ್ನೆಲ್ಲ ಒರೆಸಿ ಕೈತೊಳೆದುಕೊಂಡಿತು.
ಎರಡನೆಯದಕ್ಕೆ ಕಂಡದ್ದೆಲ್ಲ ದಾರ,
ಬಿರುಕುಗಳನ್ನು ಹೊಸೆದು ಬಿಗಿದು
ಕನ್ನಪ್ಪನ ಕೆನ್ನೆಯ ಮೇಲೂ ನೆಟ್ಟು ಕಟ್ಟಿತು.
ಇಂಥವೆರಡು ಮೆಮೊರಿಯ ಒಂದೇ ಮೂಲೆಗೆ
ಒಟ್ಟಿಗೆ ಕೈ ಹಾಕಿದರೆ
ಪರದೆ ಬಿಳಿಚಿಕೊಳ್ಳದೆ ಇನ್ನೇನು ಮಾಡೀತು.

ಎರಡಕ್ಕೂ ಅಲೆಗೆರೆ ಹಾಕಿದೆ.
ನಾನೂರು ಪಟ್ಟು ಹಿಗ್ಗಿಸಿ, ಮೌಸು ಹಿಡಿದು,
ಇದು ದಾರ, ಇದು ಬಿರುಕು, ಇದು ಬೆವರು,
ಇದು ಗೊತ್ತಿಲ್ಲ.
ನೆಟ್ಟು ಎಡಗಡೆ ಹರಿದಿತ್ತು, ಬಾವಿಹಗ್ಗದಿಂದ ಬಿಗಿದಿದ್ದರು;
ಆ ಹರಕು ಹಾಗೇ ಇರಲಿ.
ನಾಲ್ಕರ ಹೊತ್ತಿಗೆ ಮೇಲೆ ಹೋದೆ.
ಆಕಾಶದಲ್ಲಿ ಎರಡು ಬಿಳಿ ಚುಕ್ಕೆ.
ಗೆರೆಯ ಒಳಗೊಂದು, ಆಚೆಗೊಂದು,
ಒಂದೇ ಗಾತ್ರ, ಒಂದೇ ಬಿಳಿ.
ಒಂದು ಚೆಂಡು. ಇನ್ನೊಂದು ಬೂಷ್ಟು.

ಆರಕ್ಕೆ ಫೋನು ಮಾಡಿದೆ. ಕಂಬದ ಬುಡದಲ್ಲಿದ್ದ.
"ಆ ಪಾಯಿಂಟು ನಮ್ದಲ್ಲ ಅಕ್ಕ, ಹೊರಗೆ ಹೊಡೆದ್ನಂತೆ,
ಸಾಯೋ ತನಕ ತನ್ನ ಕೈನ ತಾನೇ ಬೈಕೊಂತಿದ್ದ ಅಜ್ಜ."
"ಹಂಗಾದ್ರೆ ಒಳಗಿಂದು ಬೂಷ್ಟು. ಅಳಿಸ್ಲಾ?"
ಫೋನಿನಲ್ಲಿ ಬರೀ ಗಾಳಿ.
ಯಾರೋ ಏಣಿ ಒರಗಿಸಿದ ಸದ್ದು.
"ಫ್ಲೆಕ್ಸಲ್ಲಾದ್ರೂ ಒಳಗೆ ಬೀಳ್ಲಿ ಬಿಡಿ."

ಮೌಸನ್ನು ಆಚೆ ಚುಕ್ಕೆಯ ಮೇಲೆ ಒಯ್ದೆ, ತಂದೆ,
ಮತ್ತೆ ಒಯ್ದೆ.
ಎರಡನ್ನೂ ಬಿಟ್ಟು ಸೇವ್ ಒತ್ತಿದೆ.
ನೀಲಿ ಪಟ್ಟಿ ತೆವಳಿ, ತೊಂಬತ್ತೊಂಬತ್ತರಲ್ಲಿ ನಿಂತು,
ಏನೋ ನೆನಪಾದವರಂತೆ, ದಾಟಿತು.

ಕೆಳಗೆ ಹಾಲಿನ ಕ್ರೇಟು ಇಳಿಸುತ್ತಿದ್ದರು.
ರಸೀದಿಯಲ್ಲಿ 'ಕ್ಲೀನಿಂಗ್' ಎಂದು ಬರೆದದ್ದನ್ನು ಹೊಡೆದುಹಾಕಿದೆ.
ಬೇರೆ ಪದ ಹೊಳೆಯಲಿಲ್ಲ.
ನೂರೈವತ್ತು ಕಮ್ಮಿ ಮಾಡಿ, ಆ ಜಾಗ ಖಾಲಿ ಬಿಟ್ಟೆ.