ಹಲಸಿನ ಮೇಣ

ಶನಿವಾರ ನೀರು ನಿಂತಿತು.
ಮೂರನೇ ಮಹಡಿಯ ನಲ್ಲಿ ಎರಡು ಸಲ ಕೆಮ್ಮಿ
ಒಂದು ಜಿರಲೆಯ ಮೀಸೆ ತೋರಿಸಿ
ಸುಮ್ಮನಾಯಿತು.

ಹಳದಿ ಕ್ಯಾನು ಹಿಡಿದು ಇಳಿದೆವು, ನಾನು, ಕೆಮಿಗಿಶಾ.
ಕೆಳಗೆ ತೊಟ್ಟಿಯ ಮುಂದೆ ಇಡೀ ಹಾಸ್ಟೆಲ್ಲು.
ತಲೆಗೆ ಸೋಪು ಹಚ್ಚಿಕೊಂಡೇ ಬಂದಿದ್ದಳು ಒಬ್ಬಳು,
ಕಾನೂನು ಓದುವವಳು,
ಸರದಿಯ ನ್ಯಾಯ ವಾದಿಸುತ್ತಲೇ ಇದ್ದಳು
ನೊರೆ ಕಣ್ಣಿಗಿಳಿಯುವವರೆಗೆ.

ಕಂಪಾಲದ ಈ ಗುಡ್ಡದಲ್ಲಿ
ನಮಗಿಂತ ಹಳಬರು ಕಲೋಲಿ ಕೊಕ್ಕರೆಗಳು.
ಬೋಳು ತಲೆ, ಜೋಲುವ ಗಂಟಲ ಚೀಲ,
ಮಾಸಿದ ಕೋಟು ತೊಟ್ಟು ಮರದ ತುದಿಗೆ ನಿಂತ
ನಿವೃತ್ತ ಪ್ರೊಫೆಸರುಗಳು;
ಯಾರ ಉತ್ತರವೂ ಸರಿಯಿಲ್ಲ ಎಂಬ ಮುಖ.
ಅವುಗಳ ಕೆಳಗೆ ನಾವು ಪುಸ್ತಕ ತಲೆಗಿಟ್ಟು ಓಡುತ್ತೇವೆ.
ವಿದ್ಯೆ ತಲೆಗೆ ಹತ್ತುವುದು ಹೀಗೂ ಉಂಟು.

ಸೋಮವಾರ ಸಂಖ್ಯಾಶಾಸ್ತ್ರದ ಪರೀಕ್ಷೆ.
ಗ್ರಂಥಾಲಯಕ್ಕೇ ಹೊರಟಿದ್ದೆವು, ಸುಳ್ಳಲ್ಲ.
ದಾರಿಯಲ್ಲಿ ಇಸಬಿರ್ಯೆಯ ಕಾವಲಿ ಇತ್ತು, ಅಷ್ಟೆ.
ಎರಡು ಮೊಟ್ಟೆ, ಚಿಟಿಕೆ ಉಪ್ಪು, ಹೆಚ್ಚಿದ ಎಲೆಕೋಸು,
ಮೇಲೊಂದು ಚಪಾತಿ, ಒಂದು ಸುರುಳಿ: ರೋಲೆಕ್ಸ್.
ಕೈಗೆ ಕಟ್ಟುವುದಲ್ಲ;
ಆದರೂ ಹೊತ್ತು ಎಷ್ಟಾಯಿತೆಂದು
ಹೊಟ್ಟೆಗೆ ಸರಿಯಾಗಿ ಹೇಳುತ್ತದೆ.
“ಲೆಕ್ಕಕ್ಕೆ ಬರೆದುಕೋ” ಅಂದ ವನ್ಯಾಮ.
“ನಿನ್ನ ಪುಟ ತುಂಬಿ ತಿಂಗಳಾಯಿತು” ಅಂದ ಇಸಬಿರ್ಯೆ,
ಅನ್ನುತ್ತಲೇ ಇನ್ನೊಂದು ಮೊಟ್ಟೆ ಒಡೆದ.

ಆಗ ಬಂದಳು ಅಚಾನ್, ಬೋಡಾ ಬೈಕಿನ ಹಿಂದೆ.
ಅವಳಿಗೂ ಸವಾರನಿಗೂ ನಡುವೆ
ಮೂರನೆಯವನಂತೆ ಕೂತಿತ್ತು ಹಲಸಿನ ಹಣ್ಣು.
ಅದಕ್ಕೂ ಅರ್ಧ ಬಾಡಿಗೆ ಕೇಳಿದನಂತೆ.

ಹಸಿದು ಹಲಸು ಅನ್ನುತ್ತಾರೆ.
ಉಂಡೇ ಇದ್ದೆವು.
ಆದರೂ.

ಬಲೆ ಹರಿದ ಟೆನಿಸ್ ಅಂಗಳದಲ್ಲಿ ಗೋಣಿ ಹಾಸಿ
ಐದು ಜನರ ಹತ್ತು ಕೈಗೆ ಒಂದು ಮುಚ್ಚಳ ಎಣ್ಣೆ.
ತನಗೆ ಬೇಡವೆಂದ ವನ್ಯಾಮ, ಅವನದು ಮೀನುಗಾರರ ಕೈಯಂತೆ.
ಸೀಳಿದೊಡನೆ ಪರಿಮಳ ಎಷ್ಟು ದೂರ ನಡೆಯಿತೆಂದರೆ
ಗೊತ್ತಿಲ್ಲದವರೂ ಗೊತ್ತಿದ್ದವರಂತೆ ಹತ್ತಿರ ಬಂದರು.
ತೊಳೆ ಬಿಡಿಸಿದ್ದು ಯಾರೋ, ತಿಂದದ್ದು ಯಾರೋ.
ಎರಡು ಟರ್ಮು ಬಾಯಿಬಿಡದ ಟೆಂಡೊ
ತುಟಿಗೆಲ್ಲ ಮೇಣ ಮೆತ್ತಿಕೊಂಡು ಎದ್ದುನಿಂತು
ನಮ್ಮ ವಾರ್ಡನ್ ಮೆಟ್ಟಿಲು ಇಳಿಯುವುದನ್ನು
ಕಲೋಲಿ ನಡೆದಂತೆ ನಡೆದು ತೋರಿಸಿದ:
ಒಂದು ಕಾಲು, ಒಂದು ಸಂಶಯ, ಇನ್ನೊಂದು ಕಾಲು.
ಕೆಮಿಗಿಶಾ ನಕ್ಕು ನಕ್ಕು ಬೀಜ ನುಂಗಿದಳು.

ನಿಜವಾದ ಕಲೋಲಿಯೊಂದು ಇಳಿದು ಬಂತು.
ಸಾರೆ, ಗೂಂಜು ಎಲ್ಲ ಕೊಕ್ಕಿನಿಂದ ತಿದ್ದಿ ನೋಡಿ
ಮುಖ ತಿರುಗಿಸಿ ಹೋಯಿತು.
ಅದರಲ್ಲೂ ನಾವು ಫೇಲು.

ಯಾರು ಹೇಳಿದರೋ, “ಇನ್ನು ಓದೋಣ.”
ನನ್ನ ನೋಟ್ಸು ಮೊದಲು ಮುಟ್ಟಿದವನು ವನ್ಯಾಮ.
ನಲವತ್ತೊಂದನೇ ಪುಟ ನಲವತ್ತಮೂರನ್ನು ಅಪ್ಪಿಕೊಂಡಿತು,
ಎಳೆದರೂ ಬಿಡದು, ಬೈದರೂ ಬಿಡದು.

ಭಾನುವಾರ ಬೆಳಿಗ್ಗೆ ಸೀಮೆಎಣ್ಣೆ ಹಚ್ಚಿದೆವು.
ಮಧ್ಯಾಹ್ನ ಚರ್ಚಿನ ಬಟ್ಟೆ ಬದಲಿಸದೆಯೇ ಬಂದ ಅಚಾನ್
ಇಸ್ತ್ರಿಪೆಟ್ಟಿಗೆ ಇಟ್ಟರೆ ಬಿಡುತ್ತದೆ ಅಂದಳು.
ಇಟ್ಟೆವು. ಹೊಗೆ ಬಂತು.
ಜೊತೆಗೇ ಇಡೀ ಗುಡ್ಡದ ಕರೆಂಟು ಹೋಯಿತು.
ಕಾರಣ ನಾವೇ ಎಂದು ಈಗಲೂ ನಂಬಿದ್ದಾನೆ ಟೆಂಡೊ.

ಸಂಜೆ ಮೆಟ್ಟಿಲ ಮೇಲೆ ಕೂತೆವು.
ಇದ್ದಿಲೊಲೆಯಲ್ಲಿ ಹಲಸಿನ ಬೀಜ ಚಟಪಟ.
ಎದುರು ಗುಡ್ಡಗಳು ಕತ್ತಲಲ್ಲಿ ಕರಗಿ
ಎಲ್ಲೋ ಒಂದು ಜನರೇಟರು ಗೊರಕೆ ಹೊಡೆದು
ಒಂದು ಕಿಟಕಿ ಹಳದಿಯಾಯಿತು, ಆಮೇಲೆ ಇನ್ನೊಂದು.
ಎಣಿಸತೊಡಗಿದೆವು. ಸಂಭಾವ್ಯತೆ ಲೆಕ್ಕ ಹಾಕಿದಳು ಕೆಮಿಗಿಶಾ:
ಮುಂದಿನದು ಎಡಕ್ಕೋ, ಬಲಕ್ಕೋ.
ಸೋತವರು ಬಿಸಿ ಬೀಜ ಸುಲಿಯಬೇಕು.
ಆ ರಾತ್ರಿ ನಾವು ಓದಿದ್ದು ಅಷ್ಟೇ.
ಬೆರಳೆಲ್ಲ ಸುಟ್ಟುಕೊಂಡವಳು ನಾನು.

ಸೋಮವಾರ. ನಾಲ್ಕನೇ ಪ್ರಶ್ನೆ.
ನಲವತ್ತೆರಡನೇ ಪುಟದ್ದೇ ಇರಬೇಕು,
ಯಾಕೆಂದರೆ ಉಳಿದದ್ದೆಲ್ಲ ಕಂಡಂತಿತ್ತು, ಇದೊಂದು ಅಲ್ಲ.
ಪೆನ್ನು ಕಚ್ಚುತ್ತ ತಲೆಯೆತ್ತಿದೆ.
ಮುಂದಿನ ಸಾಲಿನಿಂದ ವನ್ಯಾಮ
ಮೆಲ್ಲಗೆ ಬಲಗೈ ಬೆನ್ನ ಹಿಂದೆ ತಂದು ತೋರಿಸಿದ,

ಉತ್ತರವೇನಲ್ಲ:
ಎರಡು ಬೆರಳು,
ಕಪ್ಪಗೆ,
ಇನ್ನೂ ಅಂಟಿಕೊಂಡೇ.